ನೀರಿನ ಲೆಕ್ಕಕ್ಕೆ ಬಿದ್ದ ಬೆಂಕಿ

ದೂಬ್ರಾವಾ ನೀರು ಸಹಕಾರ ಸಂಘಕ್ಕೆ ರೇಮಂಡ್ ಕ್ರೂಪಾಲಾ ಕಾರ್ಯದರ್ಶಿಯಾದದ್ದು ಚುನಾವಣೆಯಿಂದಲ್ಲ, ಕೆಮ್ಮಿನಿಂದ. ಹಿಂದಿನ ಕಾರ್ಯದರ್ಶಿ ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ಅಧ್ಯಕ್ಷ ಎರ್ವಿನ್ ಮಿಗಲ್ "ಯಾರಾದ್ರೂ ಮುಂದೆ ಬನ್ನಿ" ಎಂದು ಕೇಳಿದ್ದೇ ತಡ, ಊರಿನ ದೊಡ್ಡ ಮನುಷ್ಯರೆಲ್ಲ ತಂತಮ್ಮ ಬೂಟುಗಳನ್ನು ಹೊಸದಾಗಿ ಕೊಂಡವರಂತೆ ನೋಡುತ್ತ ಕುಳಿತುಬಿಟ್ಟರು. ಆ ಮೌನದಲ್ಲಿ ರೇಮಂಡನ ಗಂಟಲಿಗೆ ಸಿಹಿ ಬನ್ನಿನ ಗಸಗಸೆ ಸಿಕ್ಕಿಕೊಂಡಿತು. ಅವನು ಕೆಮ್ಮಿದ. "ಬಹಳ ಸಂತೋಷ ರೇಮಂಡ್" ಎಂದು ಅಧ್ಯಕ್ಷರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿ ಬಿಯರಿನ ಕಡೆಗೆ ನಡೆದರು.

ಬದುಕಿಡೀ ದನದ ಹಿಂಡಿ ಅಂಗಡಿಯಲ್ಲಿ ಮೂಟೆ ತೂಗಿ ನಿವೃತ್ತನಾದ ಮನುಷ್ಯನಿಗೆ ಇದ್ದಕ್ಕಿದ್ದ ಹಾಗೆ ಪದವಿ ಬಂದರೆ ಏನಾಗಬೇಕೋ ಅದೇ ಆಯಿತು. ರೇಮಂಡ್ ತನ್ನ ಹೆಸರಿನ ರಬ್ಬರ್ ಮುದ್ರೆ ಮಾಡಿಸಿದ. ರಸ್ತೆಬದಿಯ ಟಪಾಲು ಡಬ್ಬಿಯ ಮೇಲೆ "ಕಾರ್ಯದರ್ಶಿ" ಎಂದು ಬಣ್ಣದಲ್ಲಿ ಬರೆಸಿದ. ಚರ್ಚಿಗೆ ಹೋಗುವಾಗಲೂ ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳತೊಡಗಿದ. ಹೆಂಡತಿ ವ್ಲಾಸ್ಟಾ ಇದನ್ನೆಲ್ಲ ನೋಡಿ, "ಕೋಳಿಗೂಡಿಗೂ ಒಂದು ಬೋರ್ಡ್ ಹಾಕಿಸಿ. ಯಾರ ಮೊಟ್ಟೆ ಇಡ್ತಿದ್ದೀವಿ ಅಂತ ಅವಕ್ಕೂ ಗೊತ್ತಾಗ್ಲಿ" ಎಂದಳು.

ಆದರೆ ಒಂದು ವಿಷಯದಲ್ಲಿ ರೇಮಂಡನನ್ನು ಗೇಲಿ ಮಾಡುವ ಹಾಗಿರಲಿಲ್ಲ. ಅದು ಬಾವಿ. ಟೆಕ್ಸಸ್‌ನ ಈ ಮೂಲೆಯಲ್ಲಿ ಮಳೆ ಎಂಬುದು ಮಾತಿನಲ್ಲಷ್ಟೇ ಉಳಿದಿದ್ದ ಕಾಲದಲ್ಲಿ ರೇಮಂಡನ ಅಪ್ಪ, ಅವನ ಓರಗೆಯ ರೈತರು ಸೇರಿ ಆ ಕೊಳವೆ ಬಾವಿ ಕೊರೆಸಿದ್ದರು. ಭಾನುವಾರದ ಪೂಜೆ ಮುಗಿಸಿ, ಒಳ್ಳೆಯ ಅಂಗಿ ಬಿಚ್ಚಿ ಬೇಲಿಗೆ ನೇತುಹಾಕಿ, ಮನೆಮನೆಗೂ ಪೈಪು ಹಾಕಲು ಗುದ್ದಲಿ ಹಿಡಿದು ಕಾಲುವೆ ತೋಡಿದ್ದರು. ಪಟ್ಟಣದ ದೊಡ್ಡ ನೀರಿನ ಕಂಪನಿ ಆ ಬಾವಿಯ ಮೇಲೆ ಕಣ್ಣಿಟ್ಟು ಎಷ್ಟೋ ವರ್ಷವಾಗಿತ್ತು. ಊರಿನವರು ಬಿಟ್ಟುಕೊಟ್ಟಿರಲಿಲ್ಲ. ತನ್ನ ಕಾಲದಲ್ಲಿ ಅದು ಕೈತಪ್ಪಬಾರದು ಎಂಬುದೊಂದೇ ರೇಮಂಡನ ಆಸೆ. ಹೇಳಿಕೊಳ್ಳಲು ಅವನಿಗೆ ಬೇರೆ ಆಸ್ತಿಯೂ ಇರಲಿಲ್ಲ.

ಜನವರಿ ಬಂತು. ನೆಲದಿಂದ ನೀರೆತ್ತಲು ಪರ್ಮಿಟ್ ಇರುವವರೆಲ್ಲ ಅಂತರ್ಜಲ ಮಂಡಳಿಗೆ ವರ್ಷಕ್ಕೊಮ್ಮೆ ನೀರುಳಿತಾಯದ ವರದಿ ಕೊಡಬೇಕು. ಎಷ್ಟು ನೀರೆತ್ತಿದಿರಿ, ಮನೆಗಳ ಮೀಟರಿನಲ್ಲಿ ಎಷ್ಟು ಕಾಣಿಸಿತು, ಉಳಿದದ್ದು ಎಲ್ಲಿ ಹೋಯಿತು ಎಂಬ ಲೆಕ್ಕ. ಪೋಲಾದದ್ದು ಒಂದು ಮಿತಿ ದಾಟಿದರೆ ಪರ್ಮಿಟ್ ಕಿತ್ತು "ಸಮರ್ಥ ಸಂಸ್ಥೆ"ಗೆ ಕೊಡಲಾಗುವುದು ಎಂದು ಫಾರಂನ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು. ಸಮರ್ಥ ಸಂಸ್ಥೆ ಎಂದರೆ ಪಟ್ಟಣದ ಕಂಪನಿ ಎಂಬುದು ದೂಬ್ರಾವಾದ ದನಗಳಿಗೂ ಗೊತ್ತಿತ್ತು.

ರೇಮಂಡ್ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಎತ್ತಿದ ನೀರಿನಲ್ಲಿ ಮಾರಿದ ನೀರನ್ನು ಕಳೆದ. ಮತ್ತೆ ಕಳೆದ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಕಳೆದ. ಹೇಗೆ ಕಳೆದರೂ ಮೂರರಲ್ಲೊಂದು ಪಾಲು ನೀರು ಮಾಯ.

"ವ್ಲಾಸ್ಟಾ, ನಮ್ಮೂರಿನ ನೀರು ಎಲ್ಲೋ ಹೋಗ್ತಾ ಇದೆ."

"ಎಲ್ಲಿಗೆ?"

"ಅದೇ ಗೊತ್ತಾಗ್ತಾ ಇಲ್ಲ."

ವ್ಲಾಸ್ಟಾ ಹಿಟ್ಟು ನಾದುವುದನ್ನು ನಿಲ್ಲಿಸಿ ಗಂಡನ ಮುಖ ಒಂದು ಸಲ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಹಿಟ್ಟಿನ ಕಡೆ ತಿರುಗಿ, "ಅಧ್ಯಕ್ಷರನ್ನೇ ಕೇಳಿ" ಎಂದಳು.

ರೇಮಂಡ್ ಕೇಳಲು ಹೋದ. ದಾರಿಯುದ್ದಕ್ಕೂ ಹೊಲಗಳು ಬರಗಾಲಕ್ಕೆ ಹುರಿದ ಕಡಲೆಯ ಬಣ್ಣಕ್ಕೆ ತಿರುಗಿದ್ದವು. ಎರ್ವಿನ್ ಮಿಗಲ್‌ನ ಬೇಲಿ ದಾಟಿದೊಡನೆ ಮಾತ್ರ ಹಸಿರೋ ಹಸಿರು. ಮೊಣಕಾಲೆತ್ತರದ ಹುಲ್ಲಿನಲ್ಲಿ ದನಗಳು ಹೊಟ್ಟೆ ಬಿರಿಯುವಷ್ಟು ಮೇದು ಮಲಗಿದ್ದವು. ರೇಮಂಡನ ಬೂಟು ಕೆಸರಿನಲ್ಲಿ ಪಚ್ ಎಂದು ಹೂತಿತು. ಅವನು ಕಾಲು ಕಿತ್ತುಕೊಂಡು, ಮನಸಾರೆ ಮೆಚ್ಚಿಕೊಂಡ.

"ಎರ್ವಿನ್, ನಿನ್ನ ಕೈಗುಣವೇ ಬೇರೆ ಬಿಡಪ್ಪ. ಈ ಬರದಲ್ಲಿ ಇಂಥ ಹುಲ್ಲು."

"ಗೊಬ್ಬರ ರೇಮಂಡ್, ಗೊಬ್ಬರ" ಎಂದ ಮಿಗಲ್, ಟೋಪಿ ಸರಿಮಾಡಿಕೊಳ್ಳುತ್ತ. "ಏನು ಬಂದಿದ್ದು?"

ರೇಮಂಡ್ ವಿಷಯ ಹೇಳಿದ. ಮಿಗಲ್ ಗಂಭೀರವಾಗಿ ಕೇಳಿಸಿಕೊಂಡ. ನೀರು ಎಲ್ಲಿ ಸೋರುತ್ತಿರಬಹುದು ಎಂದು ಪೈಪಿನುದ್ದಕ್ಕೂ ಅಗೆಸಿ ನೋಡೋಣವೇ ಎಂದು ರೇಮಂಡ್ ಕೇಳಿದಾಗ ಅವನ ಮುಖ ಇನ್ನಷ್ಟು ಗಂಭೀರವಾಯಿತು.

"ಅಗೆಯೋದಾ? ನಿಮ್ಮಪ್ಪ ಹಾಕಿದ ಪೈಪನ್ನ ಅಗೆಯೋದಾ? ಮನಸ್ಸಾದ್ರೂ ಹೇಗೆ ಬರುತ್ತೆ ನಿಂಗೆ? ಕೂತ್ಕೋ. ಆ ಫಾರಮ್ಮಿನಲ್ಲಿ 'ಬೆಂಕಿ ಆರಿಸಲು ಬಳಸಿದ ನೀರು' ಅಂತ ಒಂದು ಸಾಲಿದೆ ನೋಡು. ಬೆಂಕಿ ಆರಿಸೋವಾಗ ಯಾರೂ ಮೀಟರ್ ಹಾಕಲ್ಲ. ಸುತ್ತಮುತ್ತಲ ಸಂಘದವರೆಲ್ಲ ಅಲ್ಲೇ ಹಾಕೋದು."

"ಸುಳ್ಳಲ್ವಾ ಅದು?"

"ಹೋದ ವರ್ಷ ಚರ್ಚಿನ ಜಾತ್ರೇಲಿ ಸಾಸೇಜ್ ಸುಡೋ ಒಲೆ ಹತ್ಕೊಂಡಿತ್ತೋ ಇಲ್ವೋ?"

"ಹತ್ಕೊಂಡಿತ್ತು."

"ನೀರು ಹಾಕಿದ್ರೋ ಇಲ್ವೋ?"

"ಒಂದು ಬಕೆಟ್ ಹಾಕಿದ್ರು."

"ಮತ್ತೆ? ನಿಜಾನೇ ಬರೀತಿದ್ದೀಯ. ಸ್ವಲ್ಪ ಉದಾರವಾಗಿ ಬರಿ ಅಷ್ಟೆ."

ಅಕ್ಕಪಕ್ಕದ ಸಂಘಗಳವರು ನಿಜಕ್ಕೂ ಹಾಗೆ ಮಾಡುತ್ತಿದ್ದರು. ಸಾರಿಗೆ ಉಪ್ಪು ಹಾಕುವಂತೆ ಬೆಂಕಿಯ ಸಾಲಿಗೆ ಒಂದಿಷ್ಟು, ಪೈಪು ತೊಳೆಯುವ ಸಾಲಿಗೆ ಒಂದಿಷ್ಟು, ಹಳೇ ಮೀಟರಿನ ತಲೆಗೆ ಒಂದಿಷ್ಟು ಹಾಕಿ ಮಿತಿಯೊಳಗೆ ಬರುತ್ತಿದ್ದರು. ಕಳ್ಳತನಕ್ಕೂ ಒಂದು ಮರ್ಯಾದೆ ಇದೆ. ಆದರೆ ರೇಮಂಡ್ ಪ್ರಾಮಾಣಿಕ ಮನುಷ್ಯ, ಸುಳ್ಳು ಹೇಳಿ ಅಭ್ಯಾಸವಿಲ್ಲ. ಮಾಯವಾಗಿದ್ದ ಅಷ್ಟೂ ನೀರನ್ನು, ಕೊನೆಯ ಗ್ಯಾಲನ್‌ವರೆಗೂ ಬಿಡದೆ, ಬೆಂಕಿಯ ಸಾಲಿಗೆ ಸುರಿದ. ಪೋಲಾದ ನೀರು ಎಂಬಲ್ಲಿ ದುಂಡಗೆ ಒಂದು ಸೊನ್ನೆ ಬರೆದು, ಕೆಳಗೆ ಮುದ್ರೆ ಒತ್ತಿದ. ಅಪ್ಪನ ಬಾವಿ ಉಳಿಯಿತು ಎಂದು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ.

ಕೆಲವು ವಾರಗಳಾದ ಮೇಲೆ ಫೋನ್ ಬಂತು. ಮಂಡಳಿಯ ಅಧಿಕಾರಿ ಮಿಸ್ ಟ್ರೆವೀನ್ಯೊ. ಹೊಸದಾಗಿ ಕೆಲಸಕ್ಕೆ ಸೇರಿದ, ಎಲ್ಲ ಫಾರಂಗಳನ್ನೂ ನಿಜವಾಗಿ ಓದುವ ಅಪಾಯಕಾರಿ ಹುಡುಗಿ. ಅವಳ ದನಿ ಸಾವಿನ ಮನೆಗೆ ಬಂದವರ ದನಿಯ ಹಾಗಿತ್ತು.

"ಮಿಸ್ಟರ್ ಕ್ರೂಪಾಲಾ, ನಿಮ್ಮ ವರದಿ ಓದಿದೆ. ನಂಗೆ ಏನು ಹೇಳ್ಬೇಕೋ ತಿಳೀತಿಲ್ಲ. ಊರಲ್ಲಿ ಯಾರಾದ್ರೂ ಉಳಿದಿದ್ದಾರಾ?"

"ಎಲ್ಲಾ ಇದ್ದೀವಿ ಮೇಡಂ."

"ದೇವರು ದೊಡ್ಡವನು. ಇಷ್ಟೊಂದು ನೀರು ಹಾಕಿ ಆರಿಸಿದ್ದೀರಿ ಅಂದ್ರೆ, ಅದೂ ಒಂದು ಹನಿ ಪೋಲಾಗದ ಹಾಗೆ... ನಮ್ಮ ಮಂಡಳಿಯ ಇತಿಹಾಸದಲ್ಲೇ ಸೊನ್ನೆ ಬಂದಿರಲಿಲ್ಲ. ಆ ಬೆಂಕಿಗಳ ವಿವರ ಕಳಿಸಿಬಿಡಿ. ಎಲ್ಲಿ, ಯಾವಾಗ, ಏನು ಸುಟ್ಟಿತು, ಅಗ್ನಿಶಾಮಕ ದಳದವರ ಸಹಿ. ಬರೀ ಕಡತಕ್ಕೆ."

ರೇಮಂಡ್ ಫೋನ್ ಇಟ್ಟು, ಪೆನ್ನು ಹಿಡಿದು ಊರಿಗೆ ಬೆಂಕಿ ಇಡಲು ಕುಳಿತ.

ಅಲ್ಲೂ ಅವನ ಸಜ್ಜನಿಕೆ ಅಡ್ಡ ಬಂತು. ಜನ ಇರುವ ಮನೆಗೆ ಬೆಂಕಿ ಇಡಲು ಮನಸ್ಸು ಬರಲಿಲ್ಲ. ದನ ಇರುವ ಕೊಟ್ಟಿಗೆಗೂ ಬರಲಿಲ್ಲ. ಇನ್ನೊಬ್ಬರದ್ದನ್ನು ಸುಡುವ ಮೊದಲು ತನ್ನದನ್ನು ಸುಡುವುದು ಧರ್ಮ ಎಂದು ತನ್ನ ಕೋಳಿಗೂಡಿನಿಂದಲೇ ಶುರು ಮಾಡಿದ. ವಿಧವೆ ಅಡೆಲಾ ಕೂಬೆನಾಳ ಹಳೇ ಕೊಟ್ಟಿಗೆ ಎಷ್ಟೋ ವರ್ಷದ ಹಿಂದೆ ಗಾಳಿಗೆ ಬಿದ್ದುಹೋಗಿತ್ತು, ಅದನ್ನು ಎಬ್ಬಿಸಿ ನಿಲ್ಲಿಸಿ ಸುಟ್ಟ. ಆಮೇಲೆ ಹುಲ್ಲಿನ ಬಣವೆಗಳು, ಮುರುಕಲು ಟ್ರಾಕ್ಟರ್, ಚರ್ಚಿನ ಹಿಂದಿನ ಕಕ್ಕಸು. ಪಟ್ಟಿ ಮುಗಿಯುವ ಹೊತ್ತಿಗೆ ಅವನಿಗೆ ನಿಜವಾಗಿಯೂ ಬೆವರಿಳಿದಿತ್ತು.

ಸಹಿ ಹಾಕಬೇಕಾದವನು ಸ್ವಯಂಸೇವಕ ಅಗ್ನಿಶಾಮಕ ದಳದ ಮುಖ್ಯಸ್ಥ ಕ್ಲೆಮೆಂಟ್ ಬೂಚೆಕ್. ಅವನು ಇಡೀ ಪಟ್ಟಿಯನ್ನು ಓದಿದ. ಓದುತ್ತ ಓದುತ್ತ ಅವನ ಎದೆ ಉಬ್ಬುತ್ತ ಹೋಯಿತು.

"ಇದನ್ನೆಲ್ಲ ನಾನು ಆರಿಸಿದ್ನಾ?"

"ಕಾಗದದ ಮೇಲೆ, ಕ್ಲೆಮೆಂಟ್."

"ಈ ಕಕ್ಕಸಿನ ಬೆಂಕಿ ಇದ್ಯಲ್ಲ, ಅದರಲ್ಲಿ ಪಾದ್ರಿ ಒಳಗಿದ್ರು ಅಂತ ಸೇರಿಸೋಣ್ವಾ? ಬಾಗಿಲು ಒಡೆದು ಹೊರಗೆ ತಂದೆ ಅಂತ."

"ಬೇಡಪ್ಪ."

"ಹೋಗ್ಲಿ ಬಿಡು" ಎಂದು ಬೂಚೆಕ್ ನಿರಾಸೆಯಿಂದ ಸಹಿ ಹಾಕಿದ.

ಕಾಗದಗಳು ಒಮ್ಮೆ ಸರ್ಕಾರದೊಳಗೆ ಹೋದರೆ ಸುಮ್ಮನೆ ಮಲಗುವುದಿಲ್ಲ, ಅವಕ್ಕೆ ನೆಂಟರು ಬಹಳ. ಮಂಡಳಿಯಿಂದ ಬೆಂಕಿ ಇಲಾಖೆಗೆ, ಅಲ್ಲಿಂದ ವಿಮೆ ಕಚೇರಿಗೆ ಹೋದವು. ಒಂದು ದಿನ ಬೆಳಿಗ್ಗೆ ಅಡೆಲಾ ಕೂಬೆನಾ ಕೈಯಲ್ಲಿ ಒಂದು ಲಕೋಟೆ ಹಿಡಿದು ರೇಮಂಡನ ಅಡುಗೆಮನೆಗೆ ನುಗ್ಗಿದಳು.

"ನನ್ನ ಕೊಟ್ಟಿಗೆ ಸುಟ್ಟುಹೋಯ್ತಂತೆ. ನಂಗೊಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ ನಿಂಗೆ?"

ರೇಮಂಡ್ ಎದ್ದು ನಿಂತ, ಕುಳಿತ, ಮತ್ತೆ ಎದ್ದ. "ಅಡೆಲಾ, ಅದು ಬಾವಿ ಉಳಿಸೋಕೆ..."

"ಸುಟ್ಟಿದ್ದು ಸುಟ್ಟೆ, ಒಳಗೆ ಹುಲ್ಲು ಇತ್ತು ಅಂತ ಬರೆಯೋಕೆ ಏನಾಗಿತ್ತು ರೋಗ? ಖಾಲಿ ಕೊಟ್ಟಿಗೆ ಅಂತ ಬರೆದಿದ್ದೀಯ. ವಿಮೆಯವನು ಖಾಲಿ ಕೊಟ್ಟಿಗೆಯ ದುಡ್ಡು ಮಾತ್ರ ಕೊಟ್ಟ."

ಸುದ್ದಿ ಹರಡಲು ಹೊತ್ತಾಗಲಿಲ್ಲ. ಮರುದಿನದಿಂದ ರೇಮಂಡನ ಅಡುಗೆಮನೆಯಲ್ಲಿ ಜನವೋ ಜನ. ಬರಿಗೈಯಲ್ಲಿ ಯಾರೂ ಬರಲಿಲ್ಲ. ಒಬ್ಬರು ಗಸಗಸೆ ಬನ್ನು ತಂದರು, ಇನ್ನೊಬ್ಬರು ಹೊಗೆ ಹಾಕಿದ ಸಾಸೇಜು ತಂದರು. ಎಲ್ಲರೂ ಹವಾಮಾನದ ಮಾತಾಡಿ, ಕಾಫಿ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು, "ಅಂದ ಹಾಗೆ ಸೆಕ್ರೆಟರಿ ಸಾಹೇಬ್ರೆ, ನಮ್ಮ ಹಿತ್ತಲಲ್ಲಿ ಒಂದು ಹಳೇ ಶೆಡ್ಡಿದೆ" ಎಂದು ತಲೆ ಕೆರೆದುಕೊಂಡರು. ವರದಿ ಕೊಟ್ಟಾಗಿದೆ, ಇನ್ನು ಏನನ್ನೂ ಸುಡಲಾಗುವುದಿಲ್ಲ ಎಂದು ರೇಮಂಡ್ ಹೇಳಿದರೆ ಅವರ ಮುಖ ಗಂಟಿಕ್ಕುತ್ತಿತ್ತು. "ಅಡೆಲಾಳದಾದ್ರೆ ಸುಡಬಹುದು, ನಮ್ಮದು ಬೇಡ ಅಲ್ವಾ" ಎಂದು ಒಬ್ಬರು ತಾವು ತಂದ ಸಾಸೇಜನ್ನು ವಾಪಸು ತೆಗೆದುಕೊಂಡು ಹೋದರು. ಅಪ್ಪನ ಕಾಲದಿಂದ ಮಾತಾಡಿಕೊಂಡಿದ್ದ ಮನೆಯವರು ಚರ್ಚಿನಲ್ಲಿ ಬೇರೆ ಬೆಂಚಿಗೆ ಹೋಗಿ ಕುಳಿತರು. ಅವನು ಯಾರ ಮನೆಯನ್ನೂ ಸುಟ್ಟಿರಲಿಲ್ಲ ಎಂಬುದೇ ಅವನ ಮೇಲಿನ ದೂರು.

ಬೇಸಿಗೆಯಲ್ಲಿ ಸರ್ಕಾರ ದೂಬ್ರಾವಾಕ್ಕೆ ಹೊಸ ಅಗ್ನಿಶಾಮಕ ವಾಹನ ಕೊಟ್ಟಿತು. ಇಷ್ಟು ಬೆಂಕಿ ಬೀಳುವ ಊರಿಗೆ ಹಳೇ ಗಾಡಿ ಸಾಲದು ಎಂದು ಯಾರೋ ಎಲ್ಲೋ ತೀರ್ಮಾನಿಸಿದ್ದರು. ಅದು ಎಷ್ಟು ದೊಡ್ಡದಾಗಿತ್ತೆಂದರೆ ಶೆಡ್ಡಿನೊಳಗೆ ಹಿಡಿಯಲಿಲ್ಲ. ಮೂತಿ ಒಳಗಿಟ್ಟು ಬೆನ್ನು ಹೊರಗಿಟ್ಟು ನಿಲ್ಲಿಸಿದರು. ಪಾದ್ರಿ ಬಂದು ಪವಿತ್ರ ಜಲ ಚಿಮುಕಿಸಿದರು. ಬ್ಯಾಂಡಿನವರು ಪೋಲ್ಕಾ ಕುಣಿತದ ಹಾಡು ಬಾರಿಸಿದರು. ಬೂಚೆಕ್ ಗಾಡಿಯ ನೆತ್ತಿಯ ಮೇಲೆ ನಿಂತು, ಹೋದ ವರ್ಷ ತಾನು ಕಂಡ ಜ್ವಾಲೆಗಳ ಬಗ್ಗೆ ಮಾತಾಡುತ್ತ ಮಾತಾಡುತ್ತ ಗದ್ಗದಿತನಾದ. ಜನರ ನಡುವೆ ನಿಂತಿದ್ದ ರೇಮಂಡ್ ಮಾತ್ರ ತನ್ನ ಬೂಟು ನೋಡಿಕೊಂಡ.

ಆ ಜನರ ನಡುವೆಯೇ ಮಿಸ್ ಟ್ರೆವೀನ್ಯೊ ಕೂಡ ನಿಂತಿದ್ದಳು. ಸಮಾರಂಭ ಮುಗಿದ ಮೇಲೆ ರೇಮಂಡನ ಕೈ ಹಿಡಿದು ಕುಲುಕಿದಳು. ಅವಳ ಕಣ್ಣಲ್ಲಿ ನಿಜವಾದ ಕರುಣೆ ಇತ್ತು. ಅದಕ್ಕಿಂತ ಭಯಂಕರವಾದದ್ದನ್ನು ರೇಮಂಡ್ ಅದುವರೆಗೆ ನೋಡಿರಲಿಲ್ಲ.

"ಮಿಸ್ಟರ್ ಕ್ರೂಪಾಲಾ, ನಿಮ್ಮೂರಿನ ವಿಷಯ ತಲೆಯಿಂದ ಹೋಗ್ತಾನೇ ಇಲ್ಲ. ಈ ಪುಟ್ಟ ಪೈಪುಗಳಿಟ್ಕೊಂಡು ಇಂಥ ಬೆಂಕಿಗಳ ಜೊತೆ ಹೆಣಗಾಡ್ತಾ ಇದ್ದೀರಿ. ನಾಳೆ ಒಂದು ಜೀವ ಹೋದ್ರೆ? ನಾನು ಮೇಲಿನವರ ಹತ್ರ ಮಾತಾಡಿದ್ದೀನಿ. ಪಟ್ಟಣದ ಕಂಪನಿಯವರು ದೊಡ್ಡ ಪೈಪು ಹಾಕ್ತಾರಂತೆ. ನಿಮ್ಮ ಸಂಘ ಅವರಿಗೆ ವಹಿಸಿಕೊಟ್ರೆ ಸಾಕು."

"ಆದ್ರೆ ಮೇಡಂ, ನಮ್ಮ ಪೋಲು ಸೊನ್ನೆ."

"ಅದಕ್ಕೇ ಅಲ್ವಾ ನಂಗೆ ಇಷ್ಟು ಸಂಕಟ" ಎಂದಳು ಅವಳು. "ನೀರುಳಿತಾಯದಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಬೆಂಕಿಯೇ ನಿಮ್ಮ ಶತ್ರು."

ನೀರು ಸೋರಿದ್ದಕ್ಕೆ ಬಾವಿ ಹೋದೀತು ಎಂದು ಹೆದರಿ ಬೆಂಕಿ ಹಚ್ಚಿದವನಿಗೆ, ಈಗ ಬೆಂಕಿ ಬಿದ್ದದ್ದಕ್ಕೆ ಬಾವಿ ಹೋಗುವ ಹಾಗಾಯಿತು. ರೇಮಂಡ್ ಆ ವಾರವೆಲ್ಲ ಊಟ ಬಿಟ್ಟು ಅಡ್ಡಾಡಿದ. ವ್ಲಾಸ್ಟಾ ಸೇವಿಗೆ ಸಾರು ಮಾಡಿ ಬಡಿಸಿದರೆ ಚಮಚ ಎತ್ತಿ ಹಾಗೇ ಹಿಡಿದು ಕೂರುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ, "ನಿಜ ಹೇಳಿಬಿಡ್ತೀನಿ" ಎಂದ.

"ಯಾರಿಗೆ?"

"ಎಲ್ಲರಿಗೂ. ಸಭೆಯಲ್ಲಿ. ಬೆಂಕಿ ಬಿದ್ದಿಲ್ಲ, ಎಲ್ಲೋ ಪೈಪು ಒಡೆದಿದೆ, ಹುಡುಕಿ ಸರಿ ಮಾಡ್ತೀವಿ, ಬಾವಿ ನಮಗೇ ಬಿಡಿ ಅಂತ. ತಪ್ಪು ನಂದೇ ಅಂತ ಹೇಳ್ತೀನಿ."

ವ್ಲಾಸ್ಟಾ ಒಲೆಯ ಕಡೆ ಮುಖ ಮಾಡಿಕೊಂಡೇ, "ಜೈಲಲ್ಲಿ ಸೇವಿಗೆ ಸಾರು ಕೊಡಲ್ಲ" ಎಂದಳು. ಅದು ಗೇಲಿಯಲ್ಲ ಎಂಬುದು ರೇಮಂಡನಿಗೆ ತಿಳಿಯಲಿಲ್ಲ.

ಸಭೆ ನಡೆದದ್ದು ಊರವರು ಕುಣಿಯಲು ಸೇರುವ ಸಭಾಂಗಣದಲ್ಲಿ. ಮರದ ನೆಲದ ಮೇಲೆ ಮಡಚುವ ಕುರ್ಚಿಗಳು, ಗೋಡೆಯ ಪಕ್ಕ ಕಾಫಿಯ ದೊಡ್ಡ ಪಾತ್ರೆ. ವೇದಿಕೆಯ ಮೇಲೆ ಅಧ್ಯಕ್ಷ ಮಿಗಲ್, ಮಿಸ್ ಟ್ರೆವೀನ್ಯೊ, ಕಂಪನಿಯ ಪರವಾಗಿ ಒಳ್ಳೆಯ ಬೂಟು ಹಾಕಿದ್ದ ಒಬ್ಬ ಮನುಷ್ಯ. ಸಂಘವನ್ನು ವಹಿಸಿಕೊಡಬೇಕೇ ಬೇಡವೇ ಎಂದು ಸದಸ್ಯರು ಕೈಯೆತ್ತಿ ತೀರ್ಮಾನಿಸಬೇಕು. ಮಾತು ಶುರುವಾಗುವ ಮೊದಲೇ ರೇಮಂಡ್ ಎದ್ದು ನಿಂತ.

"ನಮ್ಮೂರಲ್ಲಿ ಬೆಂಕಿ ಬಿದ್ದಿಲ್ಲ. ಒಂದೂ ಬಿದ್ದಿಲ್ಲ. ಲೆಕ್ಕ ಸರಿಹೋಗ್ಲಿ ಅಂತ ನಾನೇ ಬರೆದೆ. ನೀರು ಸೋರ್ತಾ ಇದೆ. ಸೋರೋದನ್ನ ನಿಲ್ಲಿಸಬಹುದು. ದಯವಿಟ್ಟು ಬಾವಿ ಕೊಡಬೇಡಿ."

ಮಿಸ್ ಟ್ರೆವೀನ್ಯೊ ಪೆನ್ನು ಕೆಳಗಿಟ್ಟಳು. ಮೊದಲು ಎದ್ದವಳು ಅಡೆಲಾ ಕೂಬೆನಾ, ಕೈಯಲ್ಲಿ ಕರವಸ್ತ್ರ.

"ಬೆಂಕಿ ಬಿದ್ದಿಲ್ವಾ? ನನ್ನ ಗಂಡ ಕಟ್ಟಿದ ಕೊಟ್ಟಿಗೆ ರೇಮಂಡ್ ಅದು. ಧಗಧಗ ಅಂತ ಉರಿಯೋದನ್ನ ಈ ಕಣ್ಣಲ್ಲಿ ನೋಡಿದೆ. ಒಳಗೆ ಹುಲ್ಲು ಬೇರೆ ಇತ್ತು." ಕೊನೆಯ ಮಾತನ್ನು ಅವಳು ಮಿಸ್ ಟ್ರೆವೀನ್ಯೊಳ ಕಡೆ ತಿರುಗಿ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

ಬೂಚೆಕ್ ಅಂಗಿಯ ತೋಳು ಮಡಚಿ, ಸಾಸೇಜ್ ಒಲೆಯಲ್ಲಿ ಸುಟ್ಟುಕೊಂಡ ಕಲೆ ತೋರಿಸಿದ. "ಇದು ಏನು ಹಾಗಾದ್ರೆ? ನಾನು ಬೆಂಕಿಯೊಳಗೆ ಹೊಕ್ಕು ಬಂದವನು. ನನ್ನ ಎದುರಿಗೆ ನಿಂತು ಬೆಂಕಿ ಬಿದ್ದಿಲ್ಲ ಅಂತೀಯಲ್ಲ, ನಾಚಿಕೆ ಆಗ್ಬೇಕು."

ಹೊರಗೆ ಹೊಸ ಗಾಡಿ ಬಿಸಿಲಿಗೆ ಹೊಳೆಯುತ್ತ ನಿಂತಿತ್ತು. ಅದನ್ನು ವಾಪಸು ಕೊಡಬೇಕಾಗುತ್ತದೆ ಎಂಬ ಯೋಚನೆ ಒಂದೇ ಸಲಕ್ಕೆ ಎಲ್ಲರ ತಲೆಗೂ ಹೊಕ್ಕಿರಬೇಕು. "ನಾನೂ ನೋಡಿದೆ", "ನಮ್ಮ ಮನೆಗೂ ಕಿಡಿ ಹಾರಿತ್ತು", "ಹೊಗೆಗೆ ನಮ್ಮಮ್ಮನಿಗೆ ಕೆಮ್ಮು ಹತ್ಕೊಂಡು ಇನ್ನೂ ಬಿಟ್ಟಿಲ್ಲ" ಎಂದು ನಾಲ್ಕೂ ಕಡೆಯಿಂದ ಸಾಕ್ಷಿಗಳು ಏಳತೊಡಗಿದರು. ಶೆಡ್ಡು ಸುಡಲಿಲ್ಲ ಎಂದು ಮುನಿಸಿಕೊಂಡವರೂ ಎದ್ದರು, ಮುಂದಿನ ವರ್ಷವಾದರೂ ಸುಟ್ಟೀತು ಎಂಬ ಆಸೆಯಿಂದ. ಸುಳ್ಳು ಹೇಳಿದವನೊಬ್ಬ, ಅದರಲ್ಲಿ ಪಾಲು ಇದ್ದವರು ಊರೆಲ್ಲ.

ಮಿಸ್ ಟ್ರೆವೀನ್ಯೊ ಕೈಯೆತ್ತಿ ಸದ್ದಡಗಿಸಿದಳು. "ಮಿಸ್ಟರ್ ಕ್ರೂಪಾಲಾ, ನೀರು ಸೋರ್ತಿದೆ ಅಂತೀರಲ್ಲ. ಎಲ್ಲಿ ಸೋರ್ತಿದೆ, ತೋರಿಸಿ. ನಾನೇ ಬಂದು ನೋಡ್ತೀನಿ."

"ಅದು ನಂಗೆ ಗೊತ್ತಿಲ್ಲ" ಎಂದ ರೇಮಂಡ್. "ಇಲ್ಲಿರೋ ಯಾರಿಗಾದ್ರೂ ಗೊತ್ತಿದ್ರೆ ಹೇಳಿ."

ಆಗ ಒಂದು ವಿಚಿತ್ರ ನಡೆಯಿತು. ಸಭೆಯಲ್ಲಿದ್ದ ಅಷ್ಟೂ ಜನ ಎಲ್ಲೆಲ್ಲೋ ನೋಡಿದರು, ಚಾವಣಿ ನೋಡಿದರು, ಕಾಫಿ ಪಾತ್ರೆ ನೋಡಿದರು. ಪಶ್ಚಿಮದ ಕಿಟಕಿಯೊಂದನ್ನು ಮಾತ್ರ ಯಾರೂ ನೋಡಲಿಲ್ಲ. ಇಷ್ಟು ಜನ ಇಷ್ಟು ಕಷ್ಟಪಟ್ಟು ನೋಡದೇ ಇರುವುದು ಏನಿರಬಹುದು ಎಂದು ರೇಮಂಡ್ ಆ ಕಡೆ ತಿರುಗಿದ. ಬೇಲಿಯಾಚೆ ಎರ್ವಿನ್ ಮಿಗಲ್‌ನ ಹುಲ್ಲುಗಾವಲು ಬಿಸಿಲಿನಲ್ಲಿ ತಂಪಾಗಿ, ಹಸಿರಾಗಿ, ನಾಚಿಕೆಯಿಲ್ಲದೆ ಮಲಗಿತ್ತು.

ರೇಮಂಡನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಆ ಕೆಸರಿನಲ್ಲಿ ಕಾಲಿಟ್ಟು ಗೊಬ್ಬರವನ್ನು ಹೊಗಳಿ ಬಂದಿದ್ದ.

"ಎರ್ವಿನ್" ಎಂದ. "ನಿನ್ನ ಹುಲ್ಲು."

"ಪಾಪ, ಹೊಗೆ ತಲೆಗೆ ಏರಿದೆ" ಎಂದು ಮಿಗಲ್ ಮಿಸ್ ಟ್ರೆವೀನ್ಯೊಗೆ ಮೆಲ್ಲಗೆ ಹೇಳಿದ. "ಇವನ ಕೋಳಿಗೂಡೂ ಸುಟ್ಟುಹೋಯ್ತಲ್ಲ, ಅಲ್ಲಿಂದ ಹೀಗೆ."

"ನಿಮಗೆಲ್ಲ ಗೊತ್ತಿತ್ತಾ?" ಎಂದು ರೇಮಂಡ್ ಸಭೆಯನ್ನು ಕೇಳಿದ. ಉತ್ತರಿಸುವುದು ಹೇಗೆ? ಬರ ಶುರುವಾದಂದಿನಿಂದ ಮಿಗಲ್‌ನ ಹುಲ್ಲು ಎಲ್ಲರ ಕೊಟ್ಟಿಗೆಗೂ ಹೊರೆಹೊರೆಯಾಗಿ ಹೋಗುತ್ತಿತ್ತು. ದನ ಇಲ್ಲದ ರೇಮಂಡನ ಮನೆಗೆ ಮಾತ್ರ ಹೋಗಿರಲಿಲ್ಲ. ಊರಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿಲ್ಲದ ವಿಷಯಕ್ಕೆ ಅವನನ್ನೇ ಕಾರ್ಯದರ್ಶಿ ಮಾಡಿದ್ದರು. ರೇಮಂಡನಿಗೆ ಸಿಟ್ಟು ಬರಲಿಲ್ಲ. ಅಪ್ಪ ಬೇಲಿಗೆ ಅಂಗಿ ನೇತುಹಾಕಿದ್ದು ಇವರ ಅಪ್ಪಂದಿರ ಪಕ್ಕದಲ್ಲೇ ಎಂದು ನೆನೆದು ಅಳು ಬಂತು. ತಡೆದುಕೊಂಡ.

ಕೈಯೆತ್ತಿಸಿದರು. ಬೆಂಕಿ ನಿಜ ಎಂದು ಸಾಕ್ಷಿ ಹೇಳಿದ ಮೇಲೆ ದೊಡ್ಡ ಪೈಪು ಬೇಡ ಎನ್ನುವ ಹಾಗಿರಲಿಲ್ಲ. ಕಂಪನಿಗೆ ಕೊಡೋಣ ಎಂಬ ಕಡೆಗೆ ಕೈಗಳು ಒಂದೊಂದಾಗಿ ಮೇಲೇರಿದವು. ಕೊನೆಯಲ್ಲಿ, ತನ್ನ ಪಕ್ಕದ ಕುರ್ಚಿಯಲ್ಲಿ ಒಂದು ಕೈ ಏಳುವುದನ್ನು ರೇಮಂಡ್ ಕಂಡ. ವ್ಲಾಸ್ಟಾಳದು.

"ನೀನೂನಾ?"

"ಕೋಳಿಗೂಡಿನ ವಿಮೆ ದುಡ್ಡು ನಾನು ತಗೊಂಡಾಗಿದೆ" ಎಂದಳು ಅವಳು, ತುಟಿ ಅಲುಗಿಸದೆ. "ಬೆಂಕಿ ಸುಳ್ಳಾದ್ರೆ ಮೊದಲು ನಿಮ್ಮನ್ನ ಎಳ್ಕೊಂಡು ಹೋಗ್ತಾರೆ. ನಂಗೆ ಬಾವಿ ಬೇಡ, ನೀವಿದ್ರೆ ಸಾಕು. ಕೂತ್ಕೊಳ್ಳಿ."

ಅವನ ಇಡೀ ಬದುಕಿನಲ್ಲಿ ವ್ಲಾಸ್ಟಾ ಹೇಳಿದ ಅತಿ ಪ್ರೀತಿಯ ಮಾತು ಅದು. ಅದನ್ನು ಕೇಳಿಸಿಕೊಂಡು ರೇಮಂಡ್ ಕುಳಿತ. ಬಾವಿ ಹೋಯಿತು.

ಕಂಪನಿಯವರು ತಡ ಮಾಡಲಿಲ್ಲ. ಪಟ್ಟಣದಿಂದ ದಪ್ಪ ಪೈಪು ಬಂತು. ಅದರ ಬೆನ್ನ ಹಿಂದೆಯೇ ದಪ್ಪ ಬಿಲ್ಲೂ ಬಂತು. ಹಳೇ ಬಾವಿ ಇನ್ನು ಬೇಕಿಲ್ಲ, ತೆರೆದಿಟ್ಟರೆ ಅಪಾಯ ಎಂದು ಅದರ ಬಾಯಿಗೆ ಕಾಂಕ್ರೀಟ್ ಸುರಿದು ಮುಚ್ಚಿದರು. ರೇಮಂಡ್ ಕಾರ್ಯದರ್ಶಿಯಾಗಿ ಹಾಜರಿದ್ದು ಸಹಿ ಮಾಡಬೇಕಿತ್ತು. ಲಾರಿಯ ಹೊಟ್ಟೆ ತಿರುಗುವುದನ್ನೂ ಬೂದುಬಣ್ಣದ ರಾಡಿ ಅಪ್ಪನ ಬಾವಿಯೊಳಗೆ ಇಳಿಯುವುದನ್ನೂ ಕೊನೆಯವರೆಗೆ ನಿಂತು ನೋಡಿ, ಸಹಿ ಮಾಡಿ ಬಂದ.

ಹಳೇ ಪೈಪಿನಲ್ಲಿ ನೀರು ನಿಂತ ಮೇಲೆ ಮಿಗಲ್‌ನ ಹುಲ್ಲು ಉಳಿದವರ ಹುಲ್ಲಿನ ಬಣ್ಣಕ್ಕೇ ಬಂತು. ಅವನು ಒಂದು ದಿನ ರೇಮಂಡನ ಅಂಗಳಕ್ಕೆ ಬಂದು ನಿಂತು, "ಎಲ್ಲಾ ನಿನ್ನಿಂದ ಕಣೋ. ಸ್ವಲ್ಪ ಉದಾರವಾಗಿ ಬರಿ ಅಂದಿದ್ದೆ. ಸ್ವಲ್ಪ ಅಂದ್ರೆ ಎಷ್ಟು ಅಂತ ಗೊತ್ತಾಗದವನು ಸೆಕ್ರೆಟರಿ ಆಗಬಾರದಿತ್ತು" ಎಂದು ಬೈದು ಹೋದ. ರೇಮಂಡ್ ಅವನಿಗೆ ಕುರ್ಚಿ ತಂದು ಹಾಕಿದ್ದ. ಮಿಗಲ್ ಕೂರಲಿಲ್ಲ.

ಸಂಘದ ಹೆಸರಿನಲ್ಲೇ ಇದ್ದ ಪರ್ಮಿಟ್‌ನ ಅವಧಿ ಮಾತ್ರ ಇನ್ನೂ ಮುಗಿದಿರಲಿಲ್ಲ. ಬಾವಿ ಸತ್ತಿದ್ದರೂ ಕಾಗದದ ಮೇಲೆ ಬದುಕಿತ್ತು. ಆದ್ದರಿಂದ ಬಾವಿ ಮುಚ್ಚಿದ ಮೇಲೆ ಪೂರ್ತಿ ಒಂದು ಕ್ಯಾಲೆಂಡರ್ ವರ್ಷ ಕಳೆದು ಜನವರಿ ಬಂದಾಗ ವರದಿಯನ್ನೂ ಕೊಡಲೇಬೇಕಾಯಿತು. ಎತ್ತಿದ ನೀರು ಸೊನ್ನೆ. ಮಾರಿದ ನೀರು ಸೊನ್ನೆ. ಬೆಂಕಿ ಆರಿಸಲು ಬಳಸಿದ್ದು ಸೊನ್ನೆ. ಪೋಲು ಸೊನ್ನೆ. ರೇಮಂಡ್ ಬರೆದ ವರದಿಗಳಲ್ಲಿ ಅಕ್ಷರಶಃ ನಿಜವಾದದ್ದು ಅದೊಂದೇ.

ಮಿಸ್ ಟ್ರೆವೀನ್ಯೊ ತಾನೇ ಫೋನ್ ಮಾಡಿದಳು. ಅವಳ ದನಿಯಲ್ಲಿ ಈ ಸಲ ಸಡಗರವಿತ್ತು. ಹಿಂದಿನ ವರ್ಷಕ್ಕೆ ಹೋಲಿಸಿದರೆ ನೂರಕ್ಕೆ ನೂರು ಉಳಿತಾಯ, ಇಡೀ ಮಂಡಳಿಯಲ್ಲಿ ಇಂಥ ಸಾಧನೆ ಯಾರೂ ಮಾಡಿಲ್ಲ, ವಾರ್ಷಿಕ ಔತಣಕ್ಕೆ ಬಂದು ಪ್ರಶಸ್ತಿ ತೆಗೆದುಕೊಂಡು ನಾಲ್ಕು ಮಾತಾಡಬೇಕು ಎಂದಳು. ರೇಮಂಡ್ ಬೇಡವೆಂದ. ವ್ಲಾಸ್ಟಾ ಫೋನ್ ಕಸಿದುಕೊಂಡು ಬರುತ್ತಾರೆ ಎಂದಳು. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳುತ್ತಾರೆ ಎಂಬುದು ಅವಳ ಹೆದರಿಕೆ. ಅಂಗಿ ಇಸ್ತ್ರಿ ಮಾಡಿಕೊಟ್ಟು ಕಳಿಸಿದಳು.

ಹೋಟೆಲಿನ ದೊಡ್ಡ ಕೋಣೆಯಲ್ಲಿ ಬೇರೆ ಬೇರೆ ಊರುಗಳ ನೀರಿನ ಸಂಘಗಳವರು ಬಿಳಿ ಬಟ್ಟೆ ಹಾಸಿದ ಮೇಜುಗಳ ಸುತ್ತ ಕುಳಿತಿದ್ದರು. ರೇಮಂಡನ ಕೈಗೆ ಪ್ರಶಸ್ತಿಯೆಂದು ಗಾಜಿನ ನೀರಹನಿಯೊಂದನ್ನು ಕೊಟ್ಟು, ಈ ಸಾಧನೆ ಹೇಗೆ ಮಾಡಿದಿರಿ ಹೇಳಿ ಎಂದರು. ಅವನು ಮೈಕಿನ ಮುಂದೆ ಬಂದು ನಿಂತ. ಸುಳ್ಳು ಹೇಳಿ ಸಾಕಾಗಿತ್ತು.

"ನಮ್ಮಪ್ಪ ಕೊರೆಸಿದ ಬಾವಿ ಇತ್ತು" ಎಂದ. "ಅದನ್ನ ಮುಚ್ಚಿದ್ವಿ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಿಸ್ ಟ್ರೆವೀನ್ಯೊ ಕಣ್ಣೊರೆಸಿಕೊಂಡಳು. ಚಪ್ಪಾಳೆ ನಿಂತ ಮೇಲೆ ಹಿಂದಿನ ಮೇಜಿನಿಂದ, ಪಕ್ಕದ ಊರಿನ ಸಂಘದ ಕಾರ್ಯದರ್ಶಿಯೊಬ್ಬ, ರೇಮಂಡನ ಹಾಗೆಯೇ ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡವನು, ಪೆನ್ನು ತೆಗೆದು ಬರೆದುಕೊಳ್ಳಲು ಸಿದ್ಧನಾಗಿ ಎದ್ದು ನಿಂತ.

"ಒಂದು ಬಾವಿಗೆ ಕಾಂಕ್ರೀಟ್ ಎಷ್ಟು ಬೇಕಾಗುತ್ತೆ ಸಾರ್?"

ರೇಮಂಡ್ ಲೆಕ್ಕದಲ್ಲಿ ನಿಖರ ಮನುಷ್ಯ. ಅಲ್ಲೇ ನಿಂತು ನೋಡಿದ್ದ. ಎಷ್ಟು ಬೇಕಾಯಿತು ಎಂದು ಹೇಳಿದ.